ಅಮೆರಿಕದ ಅಧ್ಯಕ್ಷರನ್ನು ಆರಿಸಲು ಯಾವ ದಾರಿ ಸರಿ? ಎಲೆಕ್ಟೋರಲ್ ಕಾಲೇಜ್, ನೇರ ಜನಮತ ಮತ್ತು ನಡುವಿನ ಆಯ್ಕೆಗಳು

2020ರ ಚುನಾವಣೆಯಲ್ಲಿ ಜೋ ಬೈಡನ್ ಅವರಿಗೆ ಡೊನಾಲ್ಡ್ ಟ್ರಂಪ್ ಅವರಿಗಿಂತ ಸುಮಾರು 70 ಲಕ್ಷ ಮತಗಳು ಹೆಚ್ಚು ಬಂದವು. ಆದರೆ ಅವರನ್ನು ಶ್ವೇತಭವನಕ್ಕೆ ಕರೆದೊಯ್ದದ್ದು ಆ 70 ಲಕ್ಷವಲ್ಲ. ಅಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯವಾರು ನೇಮಕವಾಗುವ ಎಲೆಕ್ಟರ್‌ಗಳೆಂಬ ಮತದಾರರ ಮಂಡಲ, ಅದೇ ಎಲೆಕ್ಟೋರಲ್ ಕಾಲೇಜ್. ಅರಿಜೋನಾದಲ್ಲಿ 10,457, ಜಾರ್ಜಿಯಾದಲ್ಲಿ 11,779, ವಿಸ್ಕಾನ್ಸಿನ್‌ನಲ್ಲಿ 20,682 ಮತಗಳ ಅಂತರ, ಎಲ್ಲ ಸೇರಿ 43 ಸಾವಿರಕ್ಕೂ ಕಡಿಮೆ. ಈ ಮೂರು ರಾಜ್ಯಗಳು ಟ್ರಂಪ್ ಕಡೆ ಹೋಗಿದ್ದರೆ ಇಬ್ಬರಿಗೂ 269 ಎಲೆಕ್ಟೋರಲ್ ಮತಗಳು ಬಂದು, ಅಧ್ಯಕ್ಷರನ್ನು ಆರಿಸುವ ಹೊಣೆ ಸಂಸತ್ತಿನ ಕೆಳಮನೆಯ ಮೇಲೆ ಬೀಳುತ್ತಿತ್ತು.

ಅಮೆರಿಕದ ಪೌರತ್ವ ಪಡೆದ ಕನ್ನಡಿಗರಿಗೆ ಈ ಲೆಕ್ಕ ಮನೆ ಬಾಗಿಲಿಗೇ ಬರುತ್ತದೆ. ಅಟ್ಲಾಂಟಾದ ನೃಪತುಂಗ ಕನ್ನಡ ಕೂಟ ಅಥವಾ ಮಿಷಿಗನ್‌ನ ಪಂಪ ಕನ್ನಡ ಕೂಟದ ಸದಸ್ಯರಾಗಿದ್ದರೆ, ಅಕ್ಟೋಬರ್ ಬಂತೆಂದರೆ ಎರಡೂ ಪಕ್ಷಗಳ ದೂರವಾಣಿ ಕರೆ, ಅಂಚೆ ಪೆಟ್ಟಿಗೆ ತುಂಬ ಕರಪತ್ರ, ಬಾಗಿಲು ತಟ್ಟುವ ಕಾರ್ಯಕರ್ತರು. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲೋ ಇದ್ದವರಿಗೆ ಹೆಚ್ಚಾಗಿ ಬರುವುದು ದೇಣಿಗೆಯ ಕೋರಿಕೆ. ಅವರ ರಾಜ್ಯ ಯಾರ ಪಾಲಾಗುತ್ತದೆ ಎಂಬುದು ಮೊದಲೇ ಗೊತ್ತಿರುವುದರಿಂದ ಅವರ ಮತವನ್ನು ಯಾರೂ ಬೇಡುವುದಿಲ್ಲ. ಇಬ್ಬರೂ ಸ್ವೀಕರಿಸಿದ್ದು ಒಂದೇ ಪೌರತ್ವದ ಪ್ರಮಾಣ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನೇರ ಜನಮತವೇ ಬರಬೇಕು. ಆದರೆ ಹೆಚ್ಚು ಮತ ಪಡೆದವರು ಗೆದ್ದರು ಎಂದಷ್ಟೇ ಬರೆದು ಬಿಟ್ಟರೆ ಸಾಲದು. ಅರ್ಧಕ್ಕಿಂತ ಹೆಚ್ಚು ಜನರ ಒಪ್ಪಿಗೆ ಪಡೆಯುವ ಎರಡನೆಯ ಸುತ್ತು ಮತ್ತು ದೇಶಕ್ಕೆಲ್ಲ ಒಂದೇ ಮತದಾನದ ನಿಯಮ, ಇವೆರಡೂ ಜೊತೆಗಿರಬೇಕು. ಚರ್ಚೆಯ ಗದ್ದಲದಲ್ಲಿ ಈ ಎರಡನೆಯ ಭಾಗ ಕಳೆದುಹೋಗುತ್ತದೆ. ಹಾಗಾಗಿ ಒಂದೊಂದು ಆಯ್ಕೆಯನ್ನೂ ಬಿಡಿಸಿ ನೋಡುವುದು ಒಳ್ಳೆಯದು.

ಈಗಿರುವ ವ್ಯವಸ್ಥೆ

ಒಟ್ಟು 538 ಎಲೆಕ್ಟರ್‌ಗಳು: ಕೆಳಮನೆಯ 435 ಸ್ಥಾನಗಳಿಗೆ ಸಮವಾಗಿ ಒಂದೊಂದು, ಮೇಲ್ಮನೆಯಾದ ಸೆನೆಟ್‌ನ 100ಕ್ಕೆ ಸಮವಾಗಿ ಒಂದೊಂದು, ರಾಜಧಾನಿ ವಾಷಿಂಗ್ಟನ್‌ಗೆ 1961ರ ತಿದ್ದುಪಡಿಯಿಂದ ದೊರೆತ ಮೂರು. ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಉಳಿದ ಎಲ್ಲ ಕಡೆ, ರಾಜ್ಯದಲ್ಲಿ ಒಂದೇ ಒಂದು ಮತ ಹೆಚ್ಚು ಪಡೆದವರಿಗೂ ಆ ರಾಜ್ಯದ ಅಷ್ಟೂ ಎಲೆಕ್ಟರ್‌ಗಳು ಸಲ್ಲುತ್ತಾರೆ.

ಇದರಲ್ಲಿ ಎರಡು ದೋಷಗಳಿವೆ, ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಒಂದು, ಸಣ್ಣ ರಾಜ್ಯಗಳಿಗೆ ಸಿಗುವ ಹೆಚ್ಚುವರಿ ತೂಕ. ಸುಮಾರು 5.77 ಲಕ್ಷ ಜನರಿರುವ ವಯೋಮಿಂಗ್‌ಗೆ ಮೂರು ಎಲೆಕ್ಟರ್‌ಗಳು, 3.95 ಕೋಟಿ ಜನರಿರುವ ಕ್ಯಾಲಿಫೋರ್ನಿಯಾಕ್ಕೆ 54. ಅಂದರೆ ಅಲ್ಲಿ ಸುಮಾರು 1.9 ಲಕ್ಷ ಜನರಿಗೊಬ್ಬ ಎಲೆಕ್ಟರ್, ಇಲ್ಲಿ 7.3 ಲಕ್ಷಕ್ಕೊಬ್ಬ. ಇನ್ನೊಂದು, ಗೆದ್ದವರಿಗೆ ಪೂರ್ತಿ ರಾಜ್ಯವನ್ನು ಕೊಡುವ ನಿಯಮ.

ಎಲ್ಲರೂ ವಯೋಮಿಂಗ್‌ನ ಉದಾಹರಣೆಯನ್ನೇ ಮುಂದಿಡುತ್ತಾರೆ. ಹೆಚ್ಚು ಹಾನಿ ಮಾಡುತ್ತಿರುವುದು ಎರಡನೆಯ ದೋಷ. 2016ರಲ್ಲಿ ಹಿಲರಿ ಕ್ಲಿಂಟನ್ ಅವರಿಗೆ ಸುಮಾರು 28.7 ಲಕ್ಷ ಮತಗಳು ಹೆಚ್ಚು ಬಂದಿದ್ದರೂ ಟ್ರಂಪ್ ಗೆದ್ದರು. ಸೆನೆಟ್‌ನ ಲೆಕ್ಕದಲ್ಲಿ ಪ್ರತಿ ರಾಜ್ಯಕ್ಕೆ ಸಿಗುವ ಎರಡು ಎಲೆಕ್ಟರ್‌ಗಳನ್ನು, ಹಾಗೆಯೇ ರಾಜಧಾನಿಯ ಎರಡನ್ನು, ತೆಗೆದುಹಾಕಿ ಕೂಡಿದರೂ ಟ್ರಂಪ್ 246, ಕ್ಲಿಂಟನ್ 190. ಫಲಿತಾಂಶ ಬದಲಾಗುವುದಿಲ್ಲ. 2000ದ ಕಥೆ ಬೇರೆ: ಅದೇ ಎರಡೆರಡನ್ನು ಕಳೆದರೆ ಅಲ್ ಗೋರ್ 225, ಜಾರ್ಜ್ ಬುಷ್ 211 ಆಗಿ ಗೆಲುವು ಗೋರ್ ಅವರದಾಗುತ್ತಿತ್ತು.

ಪೂರ್ತಿ ರಾಜ್ಯ ಗೆದ್ದವರಿಗೇ ಎಂಬ ನಿಯಮ ಎರಡೂ ಪಕ್ಷದವರಿಗೆ ಅನ್ಯಾಯ ಮಾಡುತ್ತದೆ ಎಂಬುದಕ್ಕೆ ಒಂದು ಅಂಕಿ ಸಾಕು. 2020ರಲ್ಲಿ ಟ್ರಂಪ್ ಅವರಿಗೆ ಅತಿ ಹೆಚ್ಚು ಮತ ಕೊಟ್ಟ ರಾಜ್ಯ ಟೆಕ್ಸಾಸ್ ಅಲ್ಲ, ಕ್ಯಾಲಿಫೋರ್ನಿಯಾ: 60 ಲಕ್ಷ. ಟೆಕ್ಸಾಸ್ ಕೊಟ್ಟದ್ದು ಸುಮಾರು 59 ಲಕ್ಷ. ಕ್ಯಾಲಿಫೋರ್ನಿಯಾದ ಆ 60 ಲಕ್ಷ ರಿಪಬ್ಲಿಕನ್ ಮತಗಳಿಗೆ ಸಿಕ್ಕ ಎಲೆಕ್ಟರ್‌ಗಳ ಸಂಖ್ಯೆ ಸೊನ್ನೆ. ಟೆಕ್ಸಾಸ್‌ನಲ್ಲಿ ಬೈಡನ್‌ಗೆ ಬಿದ್ದ 52 ಲಕ್ಷಕ್ಕೂ ಅದೇ ಗತಿ.

ಜನಮತದಲ್ಲಿ ಹಿಂದಿದ್ದವರು ಅಧ್ಯಕ್ಷರಾದದ್ದು 1824, 1876, 1888, 2000 ಮತ್ತು 2016ರಲ್ಲಿ. ಕನ್ನಡದ ಓದುಗರಿಗೆ ಇದು ತೀರ ಅಪರಿಚಿತ ಅನುಭವವೇನಲ್ಲ. 2018ರ ವಿಧಾನಸಭಾ ಚುನಾವಣೆಯಲ್ಲಿ ಶೇ 38ರಷ್ಟು ಮತ ಪಡೆದ ಕಾಂಗ್ರೆಸ್‌ಗೆ 80 ಸ್ಥಾನ, ಶೇ 36ರಷ್ಟು ಪಡೆದ ಬಿಜೆಪಿಗೆ 104 ಸ್ಥಾನ ಬಂದಿದ್ದವು. ಆದರೆ ವಿಧಾನಸಭೆಯಲ್ಲಿ ಪ್ರತಿ ಕ್ಷೇತ್ರಕ್ಕೂ ಒಬ್ಬ ಶಾಸಕ ಬೇಕು, ಹಾಗಾಗಿ ಕ್ಷೇತ್ರವಾರು ಎಣಿಕೆಗೆ ಕಾರಣವಿದೆ. ಎಲೆಕ್ಟರ್‌ಗಳು ಯಾರನ್ನೂ ಪ್ರತಿನಿಧಿಸುವುದಿಲ್ಲ. ಡಿಸೆಂಬರ್‌ನಲ್ಲಿ ಒಂದು ದಿನ ತಮ್ಮ ರಾಜ್ಯದ ರಾಜಧಾನಿಯಲ್ಲಿ ಸೇರಿ ಮತ ಹಾಕಿ ಮನೆಗೆ ಹೋಗುತ್ತಾರೆ. ಕೊಟ್ಟ ಮಾತಿನಂತೆ ಮತ ಹಾಕಲೇಬೇಕೆಂದು ರಾಜ್ಯಗಳು ಅವರನ್ನು ಕಟ್ಟಿಹಾಕಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ವಿವೇಕಿಗಳು ಕೂಡಿ ಯೋಚಿಸಿ ಆರಿಸುತ್ತಾರೆ ಎಂಬ ಮೂಲ ಉದ್ದೇಶವೂ ಉಳಿದಿಲ್ಲ.

ಇದನ್ನು ಏಕೆ ಕಟ್ಟಿದರು

ಸಂವಿಧಾನ ಬರೆಯಲು ಸೇರಿದ 1787ರ ಫಿಲಡೆಲ್ಫಿಯಾ ಸಭೆಯಲ್ಲಿ ಜೇಮ್ಸ್ ವಿಲ್ಸನ್ ಜನರೇ ನೇರವಾಗಿ ಆರಿಸಲಿ ಎಂದಿದ್ದರು. ಜೇಮ್ಸ್ ಮ್ಯಾಡಿಸನ್ ಅವರಿಗೂ ತತ್ವದಲ್ಲಿ ಅದು ಒಪ್ಪಿಗೆಯೇ. ಆದರೆ ದಕ್ಷಿಣದ ರಾಜ್ಯಗಳಲ್ಲಿ ಜನಸಂಖ್ಯೆಯ ದೊಡ್ಡ ಪಾಲು ಗುಲಾಮರು, ಅವರಿಗೆ ಮತವಿಲ್ಲ. ನೇರ ಮತವಾದರೆ ಅವರ ಲೆಕ್ಕದ ಬಲ ದಕ್ಷಿಣಕ್ಕೆ ಸಿಗುವುದಿಲ್ಲ ಎಂಬ ತೊಡಕನ್ನು ಮ್ಯಾಡಿಸನ್ ಅವರೇ ಸಭೆಯಲ್ಲಿ ಎತ್ತಿದರು. ಎಲೆಕ್ಟರ್‌ಗಳ ಲೆಕ್ಕದಲ್ಲಿ ಆ ತೊಡಕು ಇರಲಿಲ್ಲ. ಗುಲಾಮನನ್ನು ಮನುಷ್ಯನ ಐದರಲ್ಲಿ ಮೂರು ಪಾಲೆಂದು ಎಣಿಸಿ ಸ್ಥಾನ ಹೆಚ್ಚಿಸಿಕೊಳ್ಳುವ ಅವಕಾಶ ದೊರೆಯಿತು. ಮೊದಲ 36 ವರ್ಷಗಳಲ್ಲಿ 32 ವರ್ಷ ವರ್ಜೀನಿಯಾದವರೇ ಅಧ್ಯಕ್ಷರಾಗಿದ್ದರು. ವಾಷಿಂಗ್ಟನ್, ಜೆಫರ್ಸನ್, ಮ್ಯಾಡಿಸನ್, ಮನ್ರೋ, ನಾಲ್ವರೂ ಗುಲಾಮರ ಒಡೆಯರು.

ಗುಲಾಮಗಿರಿ ಮುಗಿದ ಮೇಲೂ ಅನ್ಯಾಯ ರೂಪ ಬದಲಿಸಿತು. ಕಪ್ಪು ಜನರನ್ನು ಈಗ ಪೂರ್ತಿ ಮನುಷ್ಯರೆಂದು ಎಣಿಸಿ ದಕ್ಷಿಣದ ರಾಜ್ಯಗಳು ಎಲೆಕ್ಟರ್‌ಗಳನ್ನು ಪಡೆದವು, ಆದರೆ ದಶಕಗಳ ಕಾಲ ಅವರನ್ನು ಮತಗಟ್ಟೆಗೆ ಬಿಡಲಿಲ್ಲ. ಎಷ್ಟು ಜನ ಮತ ಹಾಕಿದರೂ, ಎಷ್ಟು ಜನರನ್ನು ತಡೆದರೂ ರಾಜ್ಯದ ತೂಕ ಅಷ್ಟೇ ಇರುತ್ತದೆ ಎಂಬುದು ಈ ವ್ಯವಸ್ಥೆಯ ಒಳಗೇ ಇರುವ ಕೇಡು. ನೇರ ಮತದಲ್ಲಿ ಒಬ್ಬರನ್ನು ತಡೆದರೆ ರಾಜ್ಯದ ಪ್ರಭಾವವೇ ಅಷ್ಟು ಕಡಿಮೆಯಾಗುತ್ತದೆ. ನನ್ನ ಮಟ್ಟಿಗೆ ಬದಲಾವಣೆಗಿರುವ ಅತಿ ದೊಡ್ಡ ಕಾರಣ ಇದು.

ಉಳಿಸಿಕೊಳ್ಳಬೇಕು ಎನ್ನುವವರ ವಾದಗಳು

ಸಣ್ಣ ರಾಜ್ಯಗಳನ್ನು ಇದು ಕಾಪಾಡುತ್ತದೆ ಎನ್ನುವುದು ಎಲ್ಲಕ್ಕಿಂತ ಹೆಚ್ಚು ಕೇಳುವ ವಾದ. 2024ರ ಚುನಾವಣೆ ತೀರ್ಮಾನವಾದ ಏಳು ರಾಜ್ಯಗಳನ್ನು ನೋಡಿ: ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ನಾರ್ತ್ ಕೆರೊಲಿನಾ, ಅರಿಜೋನಾ, ನೆವಾಡ. ಇವುಗಳಲ್ಲಿ ಆರಕ್ಕೆ ತಲಾ ಹತ್ತು ಅಥವಾ ಹೆಚ್ಚು ಎಲೆಕ್ಟರ್‌ಗಳಿದ್ದಾರೆ, ನೆವಾಡಕ್ಕೆ ಆರು. ಮೂರು ಎಲೆಕ್ಟರ್‌ಗಳ ಒಂದು ರಾಜ್ಯವೂ ಇದರಲ್ಲಿಲ್ಲ. ವಯೋಮಿಂಗ್, ವರ್ಮಾಂಟ್, ಎರಡು ಡಕೋಟಾಗಳತ್ತ ಅಭ್ಯರ್ಥಿಗಳು ಪ್ರಚಾರಕ್ಕೆ ಮುಖ ಮಾಡುವುದೇ ಅಪರೂಪ.

ನೇರ ಮತವಾದರೆ ದೊಡ್ಡ ನಗರಗಳೇ ಅಧ್ಯಕ್ಷರನ್ನು ಆರಿಸಿಬಿಡುತ್ತವೆ ಎಂಬ ಭಯಕ್ಕೂ ಲೆಕ್ಕ ಜೊತೆ ಕೊಡುವುದಿಲ್ಲ. ನ್ಯೂಯಾರ್ಕ್, ಲಾಸ್ ಏಂಜಲೀಸ್, ಷಿಕಾಗೊ ಮೂರರ ಜನಸಂಖ್ಯೆ ಕೂಡಿದರೆ ಒಂದೂವರೆ ಕೋಟಿಯಷ್ಟು. 2020ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆ 33.1 ಕೋಟಿ. ಆ ಮೂರು ನಗರಗಳ ಪಾಲು ಶೇ 5ಕ್ಕಿಂತ ಕಡಿಮೆ.

ಜಗಳ ಒಂದೇ ರಾಜ್ಯದಲ್ಲಿ ಉಳಿಯುತ್ತದೆ, ದೇಶವೆಲ್ಲ ಹರಡುವುದಿಲ್ಲ ಎನ್ನುವ ವಾದಕ್ಕೆ ಮಾತ್ರ ಹೆಚ್ಚು ಗೌರವ ಕೊಡಬೇಕು. 2000ದ ಫ್ಲಾರಿಡಾವನ್ನು ನೆನೆಯೋಣ. ಸುಮಾರು 60 ಲಕ್ಷ ಮತಗಳಲ್ಲಿ ಅಂತರ 537. ಬ್ರೋವರ್ಡ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಅಧಿಕಾರಿಗಳು ತೂತು ಹೊಡೆದ ಮತಪತ್ರಗಳನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಕಣ್ಣು ಕಿರಿದು ಮಾಡಿ, ಕಾಗದದ ಚೂರು ಪೂರ್ತಿ ಉದುರಿದೆಯೇ, ಮೂಲೆಯಲ್ಲಿ ಜೋತಾಡುತ್ತಿದೆಯೇ ಎಂದು ಪರೀಕ್ಷಿಸುತ್ತಿದ್ದರು. ಇಡೀ ದೇಶದಲ್ಲಿ ಇದನ್ನು ಮಾಡಬೇಕಾದರೆ? ಆದರೆ ಅದೇ ಚುನಾವಣೆಯಲ್ಲಿ ದೇಶದ ಒಟ್ಟು ಅಂತರ 5.4 ಲಕ್ಷ. ನೇರ ಮತವಾಗಿದ್ದರೆ ಫ್ಲಾರಿಡಾದ ಆ ಮತಪತ್ರಗಳನ್ನು ಯಾರೂ ಬೆಳಕಿಗೆ ಹಿಡಿಯುತ್ತಿರಲಿಲ್ಲ. ಬಿಕ್ಕಟ್ಟನ್ನು ಒಂದು ರಾಜ್ಯದೊಳಗೆ ಹಿಡಿದಿಟ್ಟಿತು ಎಂದು ಹೊಗಳುವ ವ್ಯವಸ್ಥೆಯೇ ಆ ಬಿಕ್ಕಟ್ಟನ್ನು ಹುಟ್ಟಿಸಿತ್ತು.

ಹಾಗೆಂದು ಅಪಾಯ ಇಲ್ಲವೆನ್ನಲಾಗದು. 1960ರಲ್ಲಿ ಜಾನ್ ಕೆನೆಡಿ ಮತ್ತು ರಿಚರ್ಡ್ ನಿಕ್ಸನ್ ನಡುವಿನ ಒಟ್ಟು ಅಂತರ 6.8 ಕೋಟಿ ಮತಗಳಲ್ಲಿ 1.1 ಲಕ್ಷದಷ್ಟು. ಅಂಥ ವರ್ಷ ಮತ್ತೆ ಬಂದರೆ ದೇಶದ ಮೂಲೆ ಮೂಲೆಯಲ್ಲೂ ಮರುಎಣಿಕೆ ನಡೆಯಬೇಕು. ನೇರ ಮತದಲ್ಲಿ ಇಂಥ ಬಿಕ್ಕಟ್ಟು ಅಪರೂಪ, ಬಂದಾಗ ದೊಡ್ಡದು. ಅದಕ್ಕೆ ಸಿದ್ಧತೆ ಇರಲೇಬೇಕು.

ಒಕ್ಕೂಟದ ಪ್ರಶ್ನೆ, ಮತ್ತು ನಮ್ಮದೇ ಆತಂಕ

ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯ ಮಾತು ಬಂದಾಗ, ಬರೀ ತಲೆ ಎಣಿಸಿ ಸ್ಥಾನ ಹಂಚಬಾರದು ಎಂದು ಕರ್ನಾಟಕದಲ್ಲಿ ಪಕ್ಷಭೇದ ಮೀರಿ ಅನೇಕರು ವಾದಿಸುತ್ತಾರೆ. ಜನಸಂಖ್ಯೆ ನಿಯಂತ್ರಿಸಿದ ರಾಜ್ಯಕ್ಕೆ ಅದೇ ಶಿಕ್ಷೆಯಾಗಬಾರದು ಎಂಬ ಮಾತು ನನಗೂ ಒಪ್ಪಿಗೆ. ಹಾಗಿದ್ದ ಮೇಲೆ ಅಮೆರಿಕದ ವಿಷಯದಲ್ಲಿ ತಲೆ ಎಣಿಕೆಯೇ ಸರಿ ಎನ್ನುವುದು ಹೇಗೆ?

ಎರಡೂ ಮಾತು ಒಟ್ಟಿಗೆ ನಿಲ್ಲುತ್ತವೆ. ರಾಜ್ಯಗಳು ಒಂದರೊಡನೊಂದು ಚೌಕಾಸಿ ಮಾಡುವ ಜಾಗ ಶಾಸನಸಭೆ. ತೆರಿಗೆ, ನೀರು, ಅನುದಾನ ಹಂಚಿಕೆಯಾಗುವುದು ಅಲ್ಲಿ. ರಾಜ್ಯವಾಗಿ ದನಿ ಬೇಕಾದದ್ದೂ ಅಲ್ಲಿಯೇ. ಅಮೆರಿಕದ ಸೆನೆಟ್ ಆ ದನಿಯನ್ನು ಬಹಳ ಗಟ್ಟಿಯಾಗಿ ಕೊಡುತ್ತದೆ: ವಯೋಮಿಂಗ್‌ಗೂ ಇಬ್ಬರು, ಕ್ಯಾಲಿಫೋರ್ನಿಯಾಕ್ಕೂ ಇಬ್ಬರು. ರಾಜ್ಯದ ಒಪ್ಪಿಗೆ ಇಲ್ಲದೆ ಆ ಸಮಪಾಲನ್ನು ಕಿತ್ತುಕೊಳ್ಳುವಂತಿಲ್ಲ ಎಂದು ಸಂವಿಧಾನವೇ ಹೇಳಿದೆ. ಅಧ್ಯಕ್ಷ ಪದವಿಯನ್ನು ಹಂಚಿಕೊಳ್ಳಲು ಬರುವುದಿಲ್ಲ. ಅಲ್ಲಿ ಕೂರುವವರು ಒಬ್ಬರು, ಅವರ ಆದೇಶ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುತ್ತದೆ.

ನಮ್ಮ ರಾಷ್ಟ್ರಪತಿಗಳನ್ನೂ ಮತದಾರರ ಮಂಡಲವೇ ಆರಿಸುತ್ತದೆಯಲ್ಲ ಎಂದು ಕೇಳುವವರಿದ್ದಾರೆ. ಉತ್ತರ ಪ್ರದೇಶದ ಒಬ್ಬ ಶಾಸಕರ ಮತಕ್ಕೆ 208ರ ಮೌಲ್ಯ, ಕರ್ನಾಟಕದ ಶಾಸಕರ ಮತಕ್ಕೆ 131, ಸಿಕ್ಕಿಂ ಶಾಸಕರದಕ್ಕೆ 7. ಇಲ್ಲಿ ಜನಸಂಖ್ಯೆಗೆ ತಕ್ಕ ತೂಕ ಕೊಡಲು ಶ್ರಮಪಟ್ಟಿದ್ದಾರೆ, ಅದೂ 1971ರ ಜನಗಣತಿಯ ಲೆಕ್ಕದಲ್ಲಿ. ಗೆದ್ದವರಿಗೆ ಇಡೀ ರಾಜ್ಯ ಎಂಬ ನಿಯಮ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯುವವರು. ಸೇನೆಗೆ ಆದೇಶ ಕೊಡುವ, ಸಂಸತ್ತಿನ ಮಸೂದೆಗೆ ಸ್ವಂತ ನಿರ್ಧಾರದಿಂದ ತಡೆ ಹಾಕುವ ಅಧ್ಯಕ್ಷರ ಆಯ್ಕೆಗೆ ಈ ಮಾದರಿ ಸಮರ್ಥನೆಯಾಗಲಾರದು.

ನಡುವಿನ ದಾರಿಗಳು

ಕ್ಷೇತ್ರವಾರು ಹಂಚಿಕೆ ಮೊದಲನೆಯದು. ಮೇನ್ ಮತ್ತು ನೆಬ್ರಾಸ್ಕಾದಲ್ಲಿ ಎರಡು ಎಲೆಕ್ಟರ್‌ಗಳನ್ನು ರಾಜ್ಯದ ವಿಜೇತರಿಗೆ, ಉಳಿದವರನ್ನು ಕೆಳಮನೆಯ ಒಂದೊಂದು ಕ್ಷೇತ್ರದ ವಿಜೇತರಿಗೆ ಕೊಡುತ್ತಾರೆ. ಕೇಳಲು ನ್ಯಾಯವಾಗಿದೆ. ಆದರೆ 2012ರಲ್ಲಿ ದೇಶವೆಲ್ಲ ಹೀಗೆ ಎಣಿಸಿದ್ದರೆ ಸುಮಾರು 50 ಲಕ್ಷ ಮತ ಹೆಚ್ಚು ಪಡೆದ ಬರಾಕ್ ಒಬಾಮಾ 264ಕ್ಕೆ ನಿಂತು, ಮಿಟ್ ರಾಮ್ನಿ 274 ಪಡೆದು ಅಧ್ಯಕ್ಷರಾಗುತ್ತಿದ್ದರು. ಹೆಚ್ಚಿನ ರಾಜ್ಯಗಳಲ್ಲಿ ಕ್ಷೇತ್ರಗಳ ಗಡಿಯನ್ನು ಗೀಚುವವರು ರಾಜಕಾರಣಿಗಳೇ. ಅವರ ಕೈಗೆ ಅಧ್ಯಕ್ಷ ಪದವಿಯನ್ನೂ ಕೊಟ್ಟಂತಾಗುತ್ತದೆ. ನನ್ನ ಪಟ್ಟಿಯಲ್ಲಿ ಇದು ಈಗಿರುವುದಕ್ಕಿಂತಲೂ ಕೆಟ್ಟ ಆಯ್ಕೆ.

ರಾಜ್ಯದೊಳಗೆ ಮತಗಳ ಪ್ರಮಾಣಕ್ಕೆ ತಕ್ಕಂತೆ ಹಂಚುವುದು ಇನ್ನೊಂದು. ಕೊಲೊರಾಡೊ ಇದನ್ನು 2004ರಲ್ಲಿ ಜನರ ಮುಂದಿಟ್ಟಿತು, ಜನ ತಿರಸ್ಕರಿಸಿದರು. ಒಂದೇ ರಾಜ್ಯ ಹೀಗೆ ಮಾಡಿದರೆ ಅದು ತನ್ನ ಬಲವನ್ನು ತಾನೇ ಕಳೆದುಕೊಳ್ಳುತ್ತದೆ. ಎಲ್ಲ ರಾಜ್ಯಗಳೂ ಮಾಡಿದರೆ ಮೂರನೆಯ ಅಭ್ಯರ್ಥಿಗಳು ನಾಲ್ಕಾರು ಎಲೆಕ್ಟರ್‌ಗಳನ್ನು ಪಡೆದು, ಯಾರಿಗೂ 270 ಬಾರದೆ, ಆಯ್ಕೆ ಕೆಳಮನೆಗೆ ಹೋಗುವ ಸಂಭವ ಹೆಚ್ಚು. ಅಲ್ಲಿ ರಾಜ್ಯಕ್ಕೊಂದೇ ಮತ. 1824ರಲ್ಲಿ ಹೆಚ್ಚು ಜನಮತವನ್ನೂ ಹೆಚ್ಚು ಎಲೆಕ್ಟರ್‌ಗಳನ್ನೂ ಪಡೆದಿದ್ದ ಆಂಡ್ರ್ಯೂ ಜಾಕ್ಸನ್ ಅವರನ್ನು ಬಿಟ್ಟು ಜಾನ್ ಕ್ವಿನ್ಸಿ ಆಡಮ್ಸ್ ಅವರನ್ನು ಆರಿಸಿದ್ದು ಇದೇ ವಿಧಾನ.

ರಾಜ್ಯಗಳ ಒಪ್ಪಂದ

ಸಂವಿಧಾನವನ್ನು ಮುಟ್ಟದೆ ಜನಮತವನ್ನು ತರುವ ಯತ್ನ ಇದು. ತನ್ನ ಎಲೆಕ್ಟರ್‌ಗಳನ್ನು ಹೇಗೆ ನೇಮಿಸಬೇಕೆಂಬ ಅಧಿಕಾರ ಆಯಾ ರಾಜ್ಯದ ಶಾಸನಸಭೆಗಿದೆ. ಆ ಅಧಿಕಾರ ಬಳಸಿ, ತಮ್ಮ ರಾಜ್ಯದಲ್ಲಿ ಯಾರೇ ಗೆಲ್ಲಲಿ, ದೇಶದಲ್ಲಿ ಹೆಚ್ಚು ಮತ ಪಡೆದವರಿಗೇ ತಮ್ಮ ಎಲೆಕ್ಟರ್‌ಗಳು ಎಂದು ಸಹಿ ಹಾಕಿದ ರಾಜ್ಯಗಳು ಒಪ್ಪಿಕೊಳ್ಳುತ್ತವೆ. ಸಹಿ ಹಾಕಿದವರ ಬಲ 270 ಮುಟ್ಟಿದಾಗ ಜಾರಿ. 2007ರಲ್ಲಿ ಮೇರಿಲ್ಯಾಂಡ್‌ನಿಂದ ಶುರುವಾದ ಇದು 2024ರ ಏಪ್ರಿಲ್‌ನಲ್ಲಿ ಮೇನ್ ಸೇರಿದಾಗ 209 ತಲುಪಿತು.

ಜಾಣತನದ ಯೋಜನೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರ ನೆಲ ಗಟ್ಟಿಯಾಗಿಲ್ಲ. ಅಲ್ಲಿಯವರೆಗೆ ಸಹಿ ಹಾಕಿದ್ದ ರಾಜ್ಯಗಳೆಲ್ಲ ಡೆಮಾಕ್ರಟಿಕ್ ಒಲವಿನವು. ರಾಜ್ಯಗಳ ನಡುವಿನ ಒಪ್ಪಂದಗಳಿಗೆ ಸಂಸತ್ತಿನ ಒಪ್ಪಿಗೆ ಬೇಕೆಂಬ ವಿಧಿ ಇದಕ್ಕೂ ಅನ್ವಯಿಸುತ್ತದೆಯೇ ಎಂಬ ವಾದ ನ್ಯಾಯಾಲಯಕ್ಕೆ ಹೋಗುವುದು ಖಚಿತ. ದೇಶವ್ಯಾಪಿ ಮರುಎಣಿಕೆಗೆ ಇದರಲ್ಲಿ ದಾರಿಯಿಲ್ಲ. ಕನಿಷ್ಠ ಇಷ್ಟು ಪ್ರಮಾಣದ ಮತ ಬೇಕೆಂಬ ಷರತ್ತೂ ಇಲ್ಲ. ಇನ್ನು, 2024ರಲ್ಲಿ ಇದು ಜಾರಿಯಲ್ಲಿದ್ದಿದ್ದರೆ, ದೇಶದಲ್ಲಿ ಸುಮಾರು 23 ಲಕ್ಷ ಮತ ಮುಂದಿದ್ದ ಟ್ರಂಪ್ ಅವರಿಗೆ ಕ್ಯಾಲಿಫೋರ್ನಿಯಾ ತನ್ನ 54 ಎಲೆಕ್ಟರ್‌ಗಳನ್ನೂ ಒಪ್ಪಿಸಬೇಕಿತ್ತು. ಕಮಲಾ ಹ್ಯಾರಿಸ್ ಅವರಿಗೆ ಮತ ಹಾಕಿದ ಬಹುಸಂಖ್ಯಾತರು ಅದನ್ನು ಸುಮ್ಮನೆ ಒಪ್ಪುತ್ತಿದ್ದರೇ? ತತ್ವ ಒಪ್ಪಿದವರು ಅದನ್ನೂ ಒಪ್ಪಲೇಬೇಕು. ಆ ಮನಸ್ಸಿಲ್ಲದವರು ಈ ಒಪ್ಪಂದವನ್ನು ಬೆಂಬಲಿಸಬಾರದು.

ನೇರ ಮತ, ಆದರೆ ಎಣಿಸುವುದು ಹೇಗೆ?

ಬೇರೆ ದೇಶಗಳು ಈ ದಾರಿಯಲ್ಲಿ ಆಗಲೇ ನಡೆದಿವೆ. ಫ್ರಾನ್ಸ್ 1958ರಲ್ಲಿ ಮತದಾರರ ಮಂಡಲದಿಂದ ಚಾರ್ಲ್ಸ್ ಡಿ ಗಾಲ್ ಅವರನ್ನು ಆರಿಸಿತು, 1962ರ ಜನಾಭಿಪ್ರಾಯದ ನಂತರ ನೇರ ಮತಕ್ಕೆ ಬಂತು. 1965ರ ಮೊದಲ ನೇರ ಚುನಾವಣೆಯಲ್ಲಿ ಡಿ ಗಾಲ್ ಅವರಂಥವರೂ ಎರಡನೆಯ ಸುತ್ತಿಗೆ ಹೋಗಬೇಕಾಯಿತು. ಫಿನ್ಲೆಂಡ್ 1994ರಿಂದ ನೇರವಾಗಿ ಆರಿಸುತ್ತಿದೆ.

ಅಮೆರಿಕಕ್ಕೆ ಹತ್ತಿರದ ಪಾಠ ಅರ್ಜೆಂಟೀನಾದ್ದು. ಅದೂ ಪ್ರಾಂತ್ಯಗಳ ಒಕ್ಕೂಟ, ಅಲ್ಲಿಯೂ ಎಲೆಕ್ಟೋರಲ್ ಕಾಲೇಜ್ ಇತ್ತು. ಬ್ಯೂನಸ್ ಐರಿಸ್ ಪ್ರಾಂತ್ಯವೊಂದರಲ್ಲೇ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮತದಾರರಿದ್ದಾರೆ. ಅಂದರೆ ದೊಡ್ಡ ಪ್ರಾಂತ್ಯ ಎಲ್ಲವನ್ನೂ ನುಂಗುತ್ತದೆ ಎಂಬ ಭಯಕ್ಕೆ ಅಮೆರಿಕಕ್ಕಿಂತ ಅಲ್ಲಿ ಹೆಚ್ಚು ಆಧಾರವಿತ್ತು. ಆದರೂ 1994ರ ಸಂವಿಧಾನ ಸುಧಾರಣೆಯಲ್ಲಿ ಮಂಡಲವನ್ನು ತೆಗೆದುಹಾಕಿದರು. ಮೊದಲ ಸುತ್ತಿನಲ್ಲಿ ಶೇ 45ಕ್ಕಿಂತ ಹೆಚ್ಚು ಮತ ಬೇಕು, ಇಲ್ಲವೇ ಶೇ 40 ದಾಟಿ ಎರಡನೆಯವರಿಗಿಂತ ಹತ್ತು ಅಂಶ ಮುಂದಿರಬೇಕು. ಇಲ್ಲದಿದ್ದರೆ ಇಬ್ಬರ ನಡುವೆ ಮತ್ತೊಂದು ಸುತ್ತು. 2023ರಲ್ಲಿ ಮೊದಲ ಸುತ್ತಿನಲ್ಲಿ ಎರಡನೆಯ ಸ್ಥಾನದಲ್ಲಿದ್ದ ಹಾವಿಯೆರ್ ಮಿಲೇ ಎರಡನೆಯ ಸುತ್ತಿನಲ್ಲಿ ಶೇ 55ಕ್ಕೂ ಹೆಚ್ಚು ಮತ ಪಡೆದು ಗೆದ್ದರು. ಅವರ ನೀತಿಯನ್ನು ಯಾರು ಹೇಗೇ ಅಳೆಯಲಿ, ಅವರಿಗೆ ಜನರ ಬಹುಮತ ಇರಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಮಿತಿಯೇ ಇಲ್ಲದ ನೇರ ಮತದಲ್ಲಿ ಐದಾರು ಅಭ್ಯರ್ಥಿಗಳು ನಿಂತು, ಶೇ 30 ಪಡೆದವರು ಅಧ್ಯಕ್ಷರಾಗಬಹುದು. ಪ್ರಾಶಸ್ತ್ಯದ ಮತ, ಅಂದರೆ ಅಭ್ಯರ್ಥಿಗಳನ್ನು 1, 2, 3 ಎಂದು ಕ್ರಮವಾಗಿ ಗುರುತಿಸುವುದು, ಇನ್ನೊಂದು ಪರಿಹಾರ. ಐರ್ಲೆಂಡ್ ಹಾಗೆ ಆರಿಸುತ್ತದೆ. 1990ರಲ್ಲಿ ಮೇರಿ ರಾಬಿನ್ಸನ್ ಮೊದಲ ಎಣಿಕೆಯಲ್ಲಿ ಹಿಂದಿದ್ದು ನಂತರದ ಪ್ರಾಶಸ್ತ್ಯಗಳಿಂದ ಗೆದ್ದರು. ಇದರಲ್ಲಿ ಎರಡು ಸಲ ಮತಗಟ್ಟೆಗೆ ಹೋಗುವ ಖರ್ಚಿಲ್ಲ. ಆದರೆ ಎಲ್ಲ ಮತಪತ್ರಗಳ ಲೆಕ್ಕ ಒಂದೆಡೆ ಸೇರಬೇಕು. ಅಮೆರಿಕದಂಥ ಚದುರಿದ ವ್ಯವಸ್ಥೆಗೆ ಎರಡು ಸುತ್ತಿನ ವಿಧಾನ ಅರ್ಥವಾಗುವಂಥದ್ದು, ನಂಬುವಂಥದ್ದು.

ಚದುರಿದ ಎಂದೆ. ನಮ್ಮಲ್ಲಿ ಮತದಾರರ ಪಟ್ಟಿಯಿಂದ ಮತಯಂತ್ರದವರೆಗೆ ಒಂದೇ ಚುನಾವಣಾ ಆಯೋಗ. ಅಲ್ಲಿ ಪ್ರತಿ ರಾಜ್ಯಕ್ಕೂ ತನ್ನ ನಿಯಮ, ಎಣಿಕೆ ಕೌಂಟಿಗಳ ಕೈಯಲ್ಲಿ. ಒರೆಗನ್ ಎಲ್ಲ ಮತದಾರರಿಗೂ ಮತಪತ್ರವನ್ನು ಅಂಚೆಯಲ್ಲಿ ಕಳಿಸುತ್ತದೆ, ಟೆಕ್ಸಾಸ್‌ನಲ್ಲಿ ಅಂಚೆ ಮತ ಕೆಲವರಿಗೆ ಮಾತ್ರ. ಮೇನ್, ವರ್ಮಾಂಟ್‌ನಲ್ಲಿ ಜೈಲಿನಲ್ಲಿರುವವರೂ ಮತ ಹಾಕುತ್ತಾರೆ. ಎಲ್ಲರ ಮತವನ್ನೂ ಒಂದೇ ರಾಶಿಗೆ ಹಾಕುವುದಾದರೆ ಯಾರು ಮತದಾರರು, ಯಾವಾಗಿನವರೆಗೆ ಮತಪತ್ರ ಸ್ವೀಕರಿಸಬೇಕು, ಮರುಎಣಿಕೆ ಯಾವಾಗ ಎಂಬುದಕ್ಕೆ ಒಂದೇ ಉತ್ತರ ಬೇಕಾಗುತ್ತದೆ. ಇಲ್ಲವಾದರೆ ಒಂದು ರಾಜ್ಯ ಮತದಾನದ ವಯಸ್ಸನ್ನು 16ಕ್ಕೆ ಇಳಿಸಿ ತನ್ನ ತೂಕ ಹೆಚ್ಚಿಸಿಕೊಂಡರೆ ತಡೆಯುವವರು ಯಾರು?

ಇದೆಲ್ಲವನ್ನೂ ಮಾಡಬಲ್ಲದ್ದು ಸಂವಿಧಾನ ತಿದ್ದುಪಡಿ. ಸಂಸತ್ತಿನ ಎರಡೂ ಮನೆಗಳಲ್ಲಿ ಮೂರನೆಯ ಎರಡು ಬಹುಮತ, ಮೇಲೆ 38 ರಾಜ್ಯಗಳ ಒಪ್ಪಿಗೆ. ಕೈಗೆಟುಕದ್ದು ಎನ್ನುವವರಿಗೆ 1969ನ್ನು ನೆನಪಿಸಬೇಕು. ಹಿಂದಿನ ವರ್ಷ ವರ್ಣಭೇದವಾದಿ ಜಾರ್ಜ್ ವಾಲೇಸ್ 46 ಎಲೆಕ್ಟೋರಲ್ ಮತಗಳನ್ನು ಪಡೆದು ಎರಡೂ ಪಕ್ಷಗಳನ್ನು ಬೆಚ್ಚಿಬೀಳಿಸಿದ್ದರು. ಶೇ 40 ಬಾರದಿದ್ದರೆ ಎರಡನೆಯ ಸುತ್ತು ಎಂಬ ನೇರ ಮತದ ತಿದ್ದುಪಡಿ ಕೆಳಮನೆಯಲ್ಲಿ 338–70ರಲ್ಲಿ ಗೆದ್ದಿತು. ಅಧ್ಯಕ್ಷ ನಿಕ್ಸನ್ ಬೆಂಬಲ ಸೂಚಿಸಿದರು. 1970ರ ಸೆಪ್ಟೆಂಬರ್‌ನಲ್ಲಿ ಸೆನೆಟ್‌ನೊಳಗೆ ಸ್ಟ್ರಾಮ್ ಥರ್ಮಂಡ್, ಸ್ಯಾಮ್ ಎರ್ವಿನ್ ಮುಂತಾದ ದಕ್ಷಿಣದವರು ಮಾತು ಮುಗಿಸದೆ ಅದನ್ನು ಕೊಂದರು. ಚರ್ಚೆ ಮುಗಿಸಿ ಎಂದವರು 54, ಬೇಡ ಎಂದವರು 36. ಮೂರನೆಯ ಎರಡು ಪಾಲು ಸಿಗಲಿಲ್ಲ.

ಆಯ್ಕೆ ಮಾಡುವಾಗ

ಫಲಿತಾಂಶ ಬೇಗ ಬರಬೇಕು, ಜಗಳ ಒಂದು ಮೂಲೆಯಲ್ಲಿ ಉಳಿಯಬೇಕು ಎಂಬುದೇ ನಿಮಗೆ ಎಲ್ಲಕ್ಕಿಂತ ಮುಖ್ಯವಾದರೆ ಈಗಿನ ವ್ಯವಸ್ಥೆ ನಿಮಗೆ ಒಪ್ಪಿಗೆಯಾದೀತು. ಅದಕ್ಕೆ ತೆರುವ ಬೆಲೆ ಏಳು ರಾಜ್ಯಗಳಾಚೆಯ ಕೋಟ್ಯಂತರ ಮತಗಳು ಎಂಬುದನ್ನು ತಿಳಿದೇ ಒಪ್ಪಬೇಕು. ಮತದ ಸಮಾನತೆ ಮುಖ್ಯ, ದಶಕಗಳ ಕಾಲ ಕಾಯಲಾರೆ ಎಂದರೆ ರಾಜ್ಯಗಳ ಒಪ್ಪಂದ. ಅದು ಬಾಳಿಕೆ ಬರುವ ಕಟ್ಟಡವಲ್ಲ, ತಿದ್ದುಪಡಿಯತ್ತ ದೂಡುವ ಒತ್ತಡವಾಗಿ ಅದಕ್ಕೆ ಬೆಲೆಯಿದೆ. ಸಮಾನತೆ, ಬಹುಮತ ಎರಡೂ ಬೇಕೆಂದರೆ ಎರಡು ಸುತ್ತಿನ ನೇರ ಮತದ ತಿದ್ದುಪಡಿ.

ಅಲ್ಲಿ ಮತದ ಹಕ್ಕಿರುವ ಕನ್ನಡಿಗರು ತಮ್ಮ ರಾಜ್ಯದ ಶಾಸಕರನ್ನು ಮೂರು ಪ್ರಶ್ನೆ ಕೇಳಬಹುದು. ಒಪ್ಪಂದದ ಮಸೂದೆ ನಮ್ಮ ಸಭೆಗೆ ಬಂದರೆ ನಿಮ್ಮ ಮತ ಯಾವ ಕಡೆ? ನಿಮಗೆ ಬೇಡವಾದ ಪಕ್ಷ ಜನಮತ ಗೆದ್ದ ವರ್ಷವೂ ಅದಕ್ಕೆ ಬದ್ಧರಾಗಿರುತ್ತೀರಾ? ತಿದ್ದುಪಡಿ ರಾಜ್ಯಗಳ ಒಪ್ಪಿಗೆಗೆ ಬಂದ ದಿನ ಅದನ್ನು ಅನುಮೋದಿಸುತ್ತೀರಾ? ಎರಡನೆಯ ಪ್ರಶ್ನೆಗೆ ತಡವರಿಸುವವರನ್ನು ಪಕ್ಷ ಯಾವುದೆಂದು ನೋಡದೆ ಮತ್ತೆ ಮತ್ತೆ ಕೇಳಬೇಕು.